ಹೊಸ ಪವರ್ ಕೇಬಲ್ ಹಾಕಿದ ಮೇಲೆ ಸ್ಪೀಕರಲ್ಲಿ ಗುಂಯ್ ಸದ್ದು. ಕೇಬಲ್ ವಾಪಸ್ ಮಾಡ್ಲಾ?

ಡೊಂಬಿವಲಿ_ರಾಗ
ಆಂಪ್ (ಆಂಪ್ಲಿಫೈಯರ್) ಜೊತೆ ಬಂದಿದ್ದ ತೆಳು ಕೇಬಲ್ ತೆಗೆದು 2.5 ಸ್ಕ್ವೇರ್ ಎಂಎಂನ ಒಂದೂವರೆ ಮೀಟರ್ ದಪ್ಪ ಕೇಬಲ್ ಹಾಕಿದೆ. 14 ಸಾವಿರ ರೂಪಾಯಿ. ಹಾಕಿದ ಕ್ಷಣದಿಂದ ಎರಡೂ ಸ್ಪೀಕರಲ್ಲಿ ಗುಂಯ್ ಅಂತ ಒಂದೇ ಸಮ ಸದ್ದು. ಹಳೇದರಲ್ಲಿ ಇದು ಇರಲೇ ಇಲ್ಲ. ಸ್ಪೀಕರ್ ವೈರ್ ಎಲ್ಲ ಬಿಚ್ಚಿ ಮತ್ತೆ ಹಾಕಿ ಆಯ್ತು. ಕೇಬಲ್ಲೇ ಕೆಟ್ಟದ್ದಾ? ವಾಪಸ್ ಕೊಡೋಕೆ ಶನಿವಾರ ಕೊನೇ ದಿನ, ಬೇಗ ಹೇಳಿ.

ಕೊತ್ರೂಡ್_ಟ್ಯೂಬ್
ಗಡಿಬಿಡಿ ಮಾಡಬೇಡಿ. ಒಳ್ಳೇ ಕೇಬಲ್ ಹದಕ್ಕೆ ಬರೋಕೆ ನೂರು ಗಂಟೆ ಬೇಕು. ಹಾಡು ಹಾಕಿ ಬಿಟ್ಟುಬಿಡಿ.

ಮುಲುಂಡ್_ಮೀಟರ್
ನೂರು ಗಂಟೆ ಅಲ್ಲ, ಸಾವಿರ ಗಂಟೆ ಬಿಟ್ರೂ ಈ ಸದ್ದು ಹೋಗಲ್ಲ. ತಾಮ್ರ ತಾಮ್ರವೇ. ಲೆಕ್ಕ ನೋಡಿ: 0.75 ಸ್ಕ್ವೇರ್ ಎಂಎಂನ ತೆಳು ವೈರ್ ಕಿಲೋಮೀಟರಿಗೆ ಸುಮಾರು 26 ಓಮ್, 2.5ರದ್ದು ಸುಮಾರು 8. ಒಂದೂವರೆ ಮೀಟರ್ ಕೇಬಲಲ್ಲಿ ಹೋಗಿ ಬರೋ ದಾರಿ 3 ಮೀಟರ್, ಅಂದ್ರೆ 0.078 ಓಮ್ ಮತ್ತು 0.024 ಓಮ್. ಆಂಪ್ 1 ಆಂಪಿಯರ್ ಎಳೆದಾಗ 230 ವೋಲ್ಟಲ್ಲಿ ದಪ್ಪ ಕೇಬಲಿಂದ ಉಳಿತಾಯ ಆಗೋದು 0.05 ವೋಲ್ಟ್. ಗೋಡೆಯೊಳಗಿನ ವೈರಿಂಗಲ್ಲೇ ಅದರ ನಾಲ್ಕೈದು ಪಟ್ಟು ಬೀಳುತ್ತೆ.
ಡೊಂಬಿವಲಿಯವರೇ, ಮೂರು ವಿಷಯ ಹೇಳಿ. ವಾಲ್ಯೂಮ್ ಜೊತೆ ಸದ್ದು ಏರುತ್ತಾ? ಎಲ್ಲ ಇನ್‌ಪುಟಲ್ಲೂ ಇದೆಯಾ? ಆಂಪ್‌ಗೆ ಏನೇನು ಸಿಕ್ಕಿಸಿದ್ದೀರಿ?

ಕೊತ್ರೂಡ್_ಟ್ಯೂಬ್
ಲೆಕ್ಕ ಕಿವಿಗೆ ಕೇಳಲ್ಲ ಸಾರ್. ನನ್ನ ಸಿಸ್ಟಮ್‌ಗೆ ಎಂಸಿಬಿಯಿಂದಲೇ 4 ಸ್ಕ್ವೇರ್ ಎಂಎಂನ ಬೇರೆ ಲೈನು ಎಳೆದಿದೆ. ಹಿನ್ನೆಲೆ ಎಷ್ಟು ಮೌನ ಅಂತ ಬಂದು ಕೇಳಿ.

ವಾಸ್ಕೊ_ಶಾಸ್ತ್ರೀಯ
ಇದು ಅರ್ತಿಂಗೇ ಮಾರಾಯ್ರೆ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿ ಹೀಗಾಗೋದು. ಉಪ್ಪು, ಇದ್ದಿಲು ಹಾಕಿ ನೀರು ಹೊಯ್ಯಿಸಿ.

ಡೊಂಬಿವಲಿ_ರಾಗ
ನಾಲ್ಕನೇ ಮಾಳಿಗೆಯ ಫ್ಲ್ಯಾಟು, ಗುಂಡಿ ಎಲ್ಲಿದೆ ಅಂತ ಸೊಸೈಟಿಯವರಿಗೂ ಗೊತ್ತಿಲ್ಲ. ವಾಲ್ಯೂಮ್ ಏರಿಸಿದ್ರೆ ಸದ್ದು ಏರುತ್ತೆ. ಸಿಡಿಗೆ ತಿರುಗಿಸಿದ್ರೆ ಇಲ್ಲ, ಆಕ್ಸ್ (ಹೊರಗಿನ ಉಪಕರಣದ ಇನ್‌ಪುಟ್) ಅಲ್ಲಿ ಮಾತ್ರ. ಆಕ್ಸಲ್ಲಿ ಇರೋದು ಸೆಟ್‌ಟಾಪ್ ಬಾಕ್ಸ್, ಅದು ಮೊದಲಿಂದಲೂ ಇದ್ದದ್ದೇ.

ಮುಲುಂಡ್_ಮೀಟರ್
ಸದ್ದು ಒಂದೇ ಇನ್‌ಪುಟಲ್ಲಿ ಇದೆ ಅಂದ ಮೇಲೆ ಕೇಬಲ್ ನಿರ್ದೋಷಿ. ಇದು ಗ್ರೌಂಡ್ ಲೂಪ್, ಅಂದ್ರೆ ಅರ್ತಿಗೆ ಎರಡು ದಾರಿ ಸಿಕ್ಕಿ ಆಗೋ ಸುತ್ತು. ಆದರೆ ಹಳೇ ಕೇಬಲಲ್ಲಿ ಯಾಕಿರಲಿಲ್ಲ? ಪ್ಲಗ್ ಎಲ್ಲಿ ಹಾಕ್ತಿದ್ರಿ, ಈಗ ಎಲ್ಲಿ ಹಾಕಿದ್ದೀರಿ? ಎರಡೂ ಕಡೆ ಮಲ್ಟಿಮೀಟರ್ ಎಸಿ ರೇಂಜಲ್ಲಿಟ್ಟು ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಅಳೆದು ಬರೀರಿ. ಅಭ್ಯಾಸ ಇಲ್ಲದಿದ್ರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಡೊಂಬಿವಲಿ_ರಾಗ
ಹೊಸ ಕೇಬಲಿಗೆ 16 ಆಂಪಿಯರ್ ಪ್ಲಗ್, ಟೀವಿ ಬೋರ್ಡಿಗೆ ಕೂರಲಿಲ್ಲ. ಹಾಗಾಗಿ ಏರ್ ಕಂಡೀಷನರಿನ (ಎಸಿ) ಪಾಯಿಂಟಿಗೆ ಹಾಕಿದೆ. ಇದೂ ಮುಖ್ಯ ಅಂತ ಗೊತ್ತಿರಲಿಲ್ಲ.
ಎಸಿ ಪಾಯಿಂಟ್: 236, 235, 1.1.
ಟೀವಿ ಬೋರ್ಡ್: 236, ಆಮೇಲೆ ಫೇಸ್–ಅರ್ತ್ ಒಮ್ಮೆ 40, ಒಮ್ಮೆ 70, ನಿಲ್ತಾನೇ ಇಲ್ಲ.

ವಾಸ್ಕೊ_ಶಾಸ್ತ್ರೀಯ
ಅರ್ತಿಂಗ್ ಅಂತ ನಾನು ಹೇಳಿದ್ದೆ!

ಮುಲುಂಡ್_ಮೀಟರ್
ಎಸಿ ಪಾಯಿಂಟಿಗೆ ಅರ್ತ್ ಬರ್ತಿದೆ ವಾಸ್ಕೊ ಅವರೇ, ನ್ಯೂಟ್ರಲ್–ಅರ್ತ್ 1.1 ಅದರ ಗುರುತು. ಟೀವಿ ಬೋರ್ಡಿನ ಅರ್ತ್ ವೈರ್ ಎಲ್ಲೋ ಕಳಚಿದೆ, ಹಾರಾಡೋ ರೀಡಿಂಗ್ ಅದರದ್ದೇ ಗುರುತು. ಆಂಪ್ ಅಲ್ಲಿದ್ದಾಗ ಅದಕ್ಕೆ ಅರ್ತೇ ಇರಲಿಲ್ಲ, ಲೂಪ್ ಕೂಡಿರಲಿಲ್ಲ, ಸದ್ದೂ ಇರಲಿಲ್ಲ. ಎಸಿ ಪಾಯಿಂಟಿಗೆ ಬಂದು ನಿಜವಾದ ಅರ್ತ್ ಸಿಕ್ಕಿತು. ಈಗ ಆಂಪಿನ ಅರ್ತ್, ಆರ್‌ಸಿಎ (ಆಡಿಯೋ) ವೈರಿನ ಶೀಲ್ಡ್ ಅಂದ್ರೆ ಲೋಹದ ಹೊದಿಕೆ, ಸೆಟ್‌ಟಾಪ್ ಬಾಕ್ಸ್, ಟೀವಿ ಕೇಬಲಿನ ಶೀಲ್ಡ್ ಸೇರಿ ಸುತ್ತು ಪೂರ್ತಿಯಾಯ್ತು. ಆ ಸುತ್ತಲ್ಲಿ ಹರಿಯೋ 50 ಹರ್ಟ್ಸ್ ಕರೆಂಟ್ ಆರ್‌ಸಿಎ ಶೀಲ್ಡಲ್ಲಿ ಒಂದೆರಡು ಮಿಲಿವೋಲ್ಟ್ ಬೀಳಿಸಿದ್ರೂ ಸಾಕು, ಆಂಪ್ ಅದನ್ನೂ ಹಾಡು ಅಂತಲೇ ದೊಡ್ಡದು ಮಾಡುತ್ತೆ.
ಬಾಕ್ಸ್ ಪವರ್ ಆಫ್ ಮಾಡಿ ಹಿಂದಿನ ಕೋಆಕ್ಸ್ (ಟೀವಿ ಕೇಬಲ್) ತಿರುಪು ಬಿಚ್ಚಿ. ಸದ್ದು ನಿಂತ್ರೆ ಒಂದು ಕೋಆಕ್ಸ್ ಐಸೊಲೇಟರ್ (ಸಿಗ್ನಲ್ ಬಿಟ್ಟು ಶೀಲ್ಡಿನ ಸಂಪರ್ಕ ಕಡಿಯೋದು) ತನ್ನಿ, ಮುಂಬೈನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡಲ್ಲಿ ವಿಚಾರಿಸಿ.

ಕೊತ್ರೂಡ್_ಟ್ಯೂಬ್
ಇಷ್ಟೆಲ್ಲ ಯಾಕೆ? ಪ್ಲಗ್ ಕನ್ವರ್ಟರ್ ಹಾಕಿ ಹಳೇ ಬೋರ್ಡಿಗೇ ಹಾಕಲಿ, ಇಲ್ಲಾ ಅರ್ತ್ ಪಿನ್ ತೆಗೆಯಲಿ. ಎಷ್ಟೋ ಜನ ಮಾಡ್ತಾರೆ.

ಮುಲುಂಡ್_ಮೀಟರ್
ದಯವಿಟ್ಟು ಈ ಸಲಹೆ ಕೊಡಬೇಡಿ. ಲೋಹದ ಮೈಯ ಆಂಪ್ ಅದು. ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ಮೇನ್ಸ್ ಕಡೆಯ ಸುರುಳಿ) ಮೈಗೆ ತಾಗಿದ ದಿನ 230 ವೋಲ್ಟ್ ವಾಲ್ಯೂಮ್ ನಾಬಿನ ಹತ್ತಿರ ಕಾದಿರುತ್ತೆ. ಅರ್ತ್ ಇದ್ರೆ ಆಗಲೇ ಎಂಸಿಬಿ ಬೀಳುತ್ತೆ. ಇಲ್ಲದಿದ್ರೆ ಯಾರಾದ್ರೂ ಮುಟ್ಟುವವರೆಗೆ ಗೊತ್ತೇ ಆಗಲ್ಲ. ಟೀವಿ ಬೋರ್ಡಿನ ಅರ್ತನ್ನೂ ಈ ವಾರವೇ ಸರಿ ಮಾಡಿಸಿ.

ಡೊಂಬಿವಲಿ_ರಾಗ
ಕೋಆಕ್ಸ್ ಬಿಚ್ಚಿದೆ, ಸದ್ದು ಪೂರ್ತಿ ನಿಂತಿತು! ಐಸೊಲೇಟರ್ ತಂದು ಹಾಕಿದೆ, ಈಗ ಸದ್ದೂ ಇಲ್ಲ, ಚಿತ್ರವೂ ಇಲ್ಲ. ‘ಸಿಗ್ನಲ್ ಇಲ್ಲ’ ಅಂತ ಬರ್ತಿದೆ.

ಮುಲುಂಡ್_ಮೀಟರ್
ಡಿಶ್ ಟೀವಿಯಾ?

ಡೊಂಬಿವಲಿ_ರಾಗ
ಹೌದು, ಕಿಟಕಿ ಗ್ರಿಲ್ಲಿಗೆ ಕಟ್ಟಿದೆ.

ಮುಲುಂಡ್_ಮೀಟರ್
ನಾನು ಕೇಬಲ್ ಟೀವಿ ಅಂದ್ಕೊಂಡೆ, ಕೇಳಬೇಕಿತ್ತು. ಡಿಶ್ಶಿನ ಮೂತಿಯಲ್ಲಿ ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿಗೆ ಬಾಕ್ಸ್ ಅದೇ ಕೋಆಕ್ಸಲ್ಲಿ 13 ಅಥವಾ 18 ವೋಲ್ಟ್ ಡಿಸಿ ಕಳಿಸುತ್ತೆ. ಐಸೊಲೇಟರ್ ಅದನ್ನು ತಡೆಯುತ್ತೆ, ಎಲ್‌ಎನ್‌ಬಿ ಸತ್ತ ಹಾಗೆ. ಐಸೊಲೇಟರ್ ವಾಪಸ್ ಮಾಡಿ. ಸುತ್ತನ್ನು ಆಡಿಯೋ ಕಡೆ ಕಡಿಯಬೇಕು. ಬಾಕ್ಸಿಂದ ಎಚ್‌ಡಿಎಂಐ ಟೀವಿಗೆ, ಟೀವಿಯ ಆಪ್ಟಿಕಲ್ ಔಟ್ ಒಂದು ಪುಟ್ಟ ಡಿಎಸಿಗೆ (ಡಿಜಿಟಲ್ ಸದ್ದನ್ನು ಅನಲಾಗ್ ಮಾಡೋ ಡಬ್ಬಿ), ಅಲ್ಲಿಂದ ಆರ್‌ಸಿಎ ಆಂಪಿಗೆ. ಆಪ್ಟಿಕಲಲ್ಲಿ ಬೆಳಕು ಮಾತ್ರ ಹೋಗೋದು, ಶೀಲ್ಡ್ ಇಲ್ಲ. ಎರಡು ಕಡೆ ಎಡವ್ತೀರಿ: ಟೀವಿ ಸೆಟ್ಟಿಂಗಲ್ಲಿ ಆಡಿಯೋ ಪಿಸಿಎಂ (ಕುಗ್ಗಿಸದ ಡಿಜಿಟಲ್ ಸದ್ದು) ಇರಬೇಕು, ಬಿಟ್‌ಸ್ಟ್ರೀಮ್ (ಡಾಲ್ಬಿಯಂಥ ಕುಗ್ಗಿಸಿದ ಸದ್ದು) ಇದ್ರೆ ಇಂಥ ಡಿಎಸಿ ಮೂಕ. ಡಿಎಸಿಗೆ 5 ವೋಲ್ಟನ್ನು ಟೀವಿಯ ಯುಎಸ್‌ಬಿಯಿಂದ ಕೊಡಬೇಡಿ, ಆ ವೈರಲ್ಲೇ ಲೂಪ್ ಮತ್ತೆ ಕೂಡುತ್ತೆ. ಬೇರೆ ಅಡಾಪ್ಟರ್ ಇರಲಿ.

ವಾಸ್ಕೊ_ಶಾಸ್ತ್ರೀಯ
ಆರ್‌ಸಿಎ ಮಧ್ಯೆ ಹಾಕೋ 1:1 ಟ್ರಾನ್ಸ್‌ಫಾರ್ಮರ್ ಐಸೊಲೇಟರ್ ಆಗಲ್ವಾ?

ಮುಲುಂಡ್_ಮೀಟರ್
ಆಗುತ್ತೆ. ಆದರೆ ಅಗ್ಗದ್ದರಲ್ಲಿ ಕೋರ್ ಚಿಕ್ಕದು, ಬಾಸ್ ಸರಿಯಾಗಿ ದಾಟಲ್ಲ, ಮೃದಂಗದ ಎಡಗಡೆ ತೊಪ್ಪಿ ಸೊರಗುತ್ತೆ.

ಡೊಂಬಿವಲಿ_ರಾಗ
ಡಿಎಸಿ ಹಾಕಿದೆ, ಪಿಸಿಎಂ ಮಾಡಿದೆ, ಸದ್ದಿಲ್ಲ. ಟೀವಿ ಬೋರ್ಡಿನ ಅರ್ತ್ ವೈರ್ ತಿರುಪಿನಿಂದ ಕಳಚಿ ಹಿಂದೆ ನೇತಾಡ್ತಿತ್ತು, ಎಲೆಕ್ಟ್ರಿಷಿಯನ್ ಹಾಕಿಕೊಟ್ಟ. ಹಳೇ ಕೇಬಲಲ್ಲೇ ಕೇಳ್ತಿದ್ದೀನಿ, ದಪ್ಪದ್ದು ಶುಕ್ರವಾರ ವಾಪಸ್ ಹೋಯ್ತು.

ಕೊತ್ರೂಡ್_ಟ್ಯೂಬ್
ವಾಪಸ್ ಮಾಡೋ ಮೊದಲು ಒಂದು ತಿಂಗಳಾದ್ರೂ ಕೇಳಬೇಕಿತ್ತು.

ವಾಸ್ಕೊ_ಶಾಸ್ತ್ರೀಯ
ಇಲ್ಲೇ ಕೇಳ್ತೀನಿ, ನಮ್ಮಲ್ಲಿ ಫ್ರಿಜ್ ಆಫ್ ಆದಾಗಲೆಲ್ಲ ಸ್ಪೀಕರಲ್ಲಿ ‘ಟಪ್’ ಅನ್ನುತ್ತೆ.

ಮುಲುಂಡ್_ಮೀಟರ್
ಅದು ಬೇರೆ ಕಥೆ, ಬೇರೆ ಚರ್ಚೆ ಶುರು ಮಾಡಿ. ಫ್ರಿಜ್ಜು, ಆಂಪು ಒಂದೇ ಬೋರ್ಡಲ್ಲಿವೆಯಾ, ವಾಲ್ಯೂಮ್ ಸೊನ್ನೆ ಇದ್ದಾಗಲೂ ಟಪ್ ಬರುತ್ತಾ, ಮೊದಲೇ ಬರೆದುಬಿಡಿ.