ಸೈಕಲ್ ರಿಪೇರಿಗೆ ಒಂದು ಕೋಣೆ, ಬಣ್ಣ-ನಾಟಕಕ್ಕೆ ಇನ್ನೊಂದು: ನಡೆಸಿದವರು ಅನುಭವ ಹೇಳಿ

ಹೊಸ ಬಾಗಿಲು:
ನಮಗೆ ಎರಡು ಕೋಣೆಗಳ ಜಾಗವೊಂದು 3 ವರ್ಷದ ಮಟ್ಟಿಗೆ ಸಿಕ್ಕಿದೆ. ಒಂದರಲ್ಲಿ ಹಳೆಯ ಸೈಕಲ್‌ಗಳ ರಿಪೇರಿ, ಇನ್ನೊಂದರಲ್ಲಿ ಚಿತ್ರ, ಹಾಡು, ನಾಟಕ ಎಂದುಕೊಂಡಿದ್ದೇವೆ. ಬರಲು ಒಪ್ಪಿರುವವರಲ್ಲಿ ಶಾಲೆ ಬಿಟ್ಟ ಹುಡುಗ ಹುಡುಗಿಯರು, ಜೈಲಿನಿಂದ ಹೊರಬಂದವರು, ಕುಡಿತ ಬಿಟ್ಟು ಕೆಲಸ ಹುಡುಕುತ್ತಿರುವವರು, ನೆಲೆಯಿಲ್ಲದವರು ಇದ್ದಾರೆ. ಕೇಳಬೇಕಾದದ್ದು ಮೂರು. ಮೊದಲು ಯಾವ ಕೋಣೆ ತೆರೆಯಬೇಕು? ವಾರಕ್ಕೆ ಎಷ್ಟು ದಿನ? ಒಬ್ಬ ಮೆಕ್ಯಾನಿಕ್ ಸಾಕೇ?

ಪಂಕ್ಚರ್ ಪೆಟ್ಟಿಗೆ:
ದಾನದ ಸೈಕಲ್ ತೆಗೆದುಕೊಳ್ಳಬೇಡಿ. ಉಳಿದದ್ದೆಲ್ಲ ಆಮೇಲೆ.

ನಾವು "ಮನೆಯಲ್ಲಿ ಹಳೆಯ ಸೈಕಲ್ ಇದ್ದರೆ ಕೊಡಿ" ಎಂದು ಕೇಳಿದ್ದೆವು. ಎರಡು ತಿಂಗಳಲ್ಲಿ 140 ಬಂದು ಬಿದ್ದವು. ರಸ್ತೆಗೆ ಇಳಿದದ್ದು 61. ಉಳಿದ 79ರಲ್ಲಿ ಬಿಚ್ಚಿ ಬಳಸಿಕೊಳ್ಳಲು ಬಂದದ್ದು ಹ್ಯಾಂಡಲ್, ಸೀಟು, ಕೆಲವು ಬ್ರೇಕ್ ಲಿವರ್ ಅಷ್ಟೆ. ಅವನ್ನು ಇಡಲು ಜಾಗವಿಲ್ಲದೆ ಇನ್ನೊಂದು ಕೋಣೆ ಬಾಡಿಗೆಗೆ ಹಿಡಿದೆವು. ಬೆಂಚು, ವೈಸ್, ಪಾನಾ ಸೆಟ್‌ಗೆ ಎಂದು ಎತ್ತಿಟ್ಟ ಹಣ ಐದು ತಿಂಗಳ ಬಾಡಿಗೆಗೆ ಹೋಯಿತು. ಕೊನೆಗೆ ಆ 79 ಗುಜರಿಗೆ ಹೋದವು. ಲಾರಿಯ ಬಾಡಿಗೆ ಕಳೆದರೆ ಕೈಗೆ ಏನೂ ಉಳಿಯಲಿಲ್ಲ.

ಟೈರ್ ವಿಷಯ ಇನ್ನೂ ನೋವಿನದು. ಮೇಲೆ 26 ಎಂದು ಬರೆದದ್ದನ್ನು ನೋಡಿ 40 ಟೈರ್ ಒಟ್ಟಿಗೆ ತರಿಸಿದೆ. ಅವು 26 × 1 3/8, ಅಂದರೆ ಟೈರು ರಿಮ್ ಮೇಲೆ ಕೂರುವ ಜಾಗದ ವ್ಯಾಸ 590 ಮಿಲಿಮೀಟರ್. ನಮ್ಮ ಸೈಕಲ್‌ಗಳಲ್ಲಿ ಹೆಚ್ಚಿನವು ದಪ್ಪ ಟೈರಿನ 26, ಅಂದರೆ 559. ಎರಡರ ಮೇಲೂ 26 ಎಂದೇ ಇರುತ್ತದೆ, ನಡುವೆ 31 ಮಿಲಿಮೀಟರ್ ಅಂತರ. ಮೊದಲ ದಿನ ಒಬ್ಬ ಹುಡುಗ ಒಂದೂವರೆ ಗಂಟೆ ಟೈರ್ ಲಿವರ್ ಹಿಡಿದು ಹೆಣಗಾಡಿದ, ಟೈರು ರಿಮ್ ಮೇಲೆ ನಿಲ್ಲಲೇ ಇಲ್ಲ. ತಪ್ಪು ತನ್ನದೇ ಎಂದುಕೊಂಡ. ತಪ್ಪು ನನ್ನದು ಎಂದು ನನಗೆ ತಿಳಿಯುವ ಹೊತ್ತಿಗೆ ಅವನು ಮನೆಗೆ ಹೋಗಿದ್ದ. ಮತ್ತೆ ಬರಲಿಲ್ಲ.

ಮೊದಲ ನಾಲ್ಕು ತಿಂಗಳು ಬಂದವರ ಕೈಗೆ ನಾವು ಕೊಟ್ಟದ್ದು ಉಪ್ಪುಕಾಗದ ಮತ್ತು ತುಕ್ಕು. 14 ಜನರಲ್ಲಿ ಉಳಿದದ್ದು 3. ಈಗ ಒಬ್ಬರಿಗೆ ಒಂದೇ ಸೈಕಲ್. ಅದೂ ಫ್ರೇಮ್ ನೆಟ್ಟಗಿರುವ, ಹಿಂದಿನ ಚಕ್ರ ತಿರುಗುವ ಸೈಕಲ್. ಮೊದಲ ದಿನವೇ ಹೆಸರು ಬರೆದ ಚೀಟಿ ಕಟ್ಟುತ್ತೇವೆ. ರಿಪೇರಿ ಮುಗಿದ ದಿನ ಅದು ಅವರದ್ದು.

ಗೋಡೆ ಬಣ್ಣ:
ಇಲ್ಲಿ ಪ್ರತಿ ಸಲವೂ ಹೀಗೆಯೇ. ಎರಡು ಕೋಣೆಗಳ ಬಗ್ಗೆ ಕೇಳಿದರೆ ಒಂದು ಕೋಣೆಯ ಟೈರಿನ ಅಳತೆ ಉತ್ತರವಾಗಿ ಬರುತ್ತದೆ.

ನಾನು 6 ವರ್ಷ ಬಣ್ಣದ ಕೋಣೆ ನಡೆಸಿದೆ. ನಮ್ಮಲ್ಲಿ ಸೈಕಲ್ ಕೋಣೆ ಬಂದದ್ದು ಆಮೇಲೆ. ಬಂದ ವರ್ಷದೊಳಗೆ ಹಣ, ಬೆಳಕು, ಕಿಟಕಿ ಇರುವ ಗೋಡೆ ಎಲ್ಲವೂ ಆ ಕಡೆಗೆ ಸರಿದವು. ಕಾರಣ ಸರಳ. ಇಷ್ಟು ಸೈಕಲ್ ರಿಪೇರಿಯಾದವು ಎಂದು ಎಣಿಸಿ ಕೊಡಬಹುದು. ಏಳು ತಿಂಗಳು ಯಾರೊಂದಿಗೂ ಮಾತಾಡದೆ ಮೂಲೆಯಲ್ಲಿ ಕೂರುತ್ತಿದ್ದ ಹೆಂಗಸು ಒಂದು ದಿನ ಎದ್ದು ಬಂದು ನನ್ನ ಕೈಯಿಂದ ಕುಂಚ ತೆಗೆದುಕೊಂಡದ್ದನ್ನು ಯಾವ ಕಾಲಂನಲ್ಲಿ ಬರೆಯುವುದು?

ನಷ್ಟದ ಲೆಕ್ಕ ನನ್ನದೂ ಇದೆ. ಹೊರಗೋಡೆಯ ಮೇಲೆ ದೊಡ್ಡ ಚಿತ್ರಕ್ಕೆ 9 ವಾರ ಕೆಲಸ ಮಾಡಿದೆವು, 22 ಜನ. ಗೋಡೆಗೆ ಆಗಷ್ಟೇ ಗಾರೆ ಆಗಿತ್ತು. ಹೊಸ ಸಿಮೆಂಟ್ ಗಾರೆಯನ್ನು ಕನಿಷ್ಠ 28 ದಿನ ಬಿಡಬೇಕು, ಹಸಿ ಗಾರೆಯ ಕ್ಷಾರ ಎಣ್ಣೆಬಣ್ಣವನ್ನು ತಿನ್ನುತ್ತದೆ ಎಂದು ನನಗೆ ಗೊತ್ತಿತ್ತು. ಉದ್ಘಾಟನೆಯ ದಿನ ನಿಗದಿಯಾಗಿದೆ ಎಂದು ಒತ್ತಾಯಿಸಿದರು. 11ನೇ ದಿನವೇ ಪ್ರೈಮರ್ ಹಚ್ಚಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಉಪ್ಪು ಹೊರಬಂದು ಬಣ್ಣ ಹಾಳೆಹಾಳೆಯಾಗಿ ಎದ್ದಿತು. ಮೊದಲು ಉದುರಿದ್ದು ಮುಖಗಳು. ಒಬ್ಬ ಹುಡುಗಿ ತನ್ನ ತಾಯಿಯ ಮುಖ ಬರೆದಿದ್ದಳು. ಉದ್ಘಾಟನೆಗೆ ಬಂದವರು ಯಾರೂ ಅದನ್ನು ನೋಡಲು ಮತ್ತೆ ಬರಲಿಲ್ಲ. ಅವಳು ದಿನಾ ನೋಡುತ್ತಿದ್ದಳು.

ಬಣ್ಣದ ಕೋಣೆಯನ್ನೇ ಮೊದಲು ತೆರೆಯಿರಿ. ಸೈಕಲ್ ಮೊದಲು ಬಂದರೆ ಕಲೆ ಅದರ ಅಲಂಕಾರವಾಗಿ ಉಳಿಯುತ್ತದೆ.

ಪಂಕ್ಚರ್ ಪೆಟ್ಟಿಗೆ:
ಗೋಡೆ ಬಣ್ಣ ಅವರೇ, ನನ್ನ ಹುಡುಗ ಟೈರಿನಿಂದಾಗಿ ಬಿಟ್ಟುಹೋದ ಎಂದು ಬರೆದಿದ್ದೇನೆ. ಅದನ್ನು ಅಳತೆಯ ಲೆಕ್ಕ ಎಂದು ಓದಿದ್ದೀರಿ. ನಿಮ್ಮ ಗಾರೆಗೆ 28 ದಿನ ಇರುವ ಹಾಗೆ ನನ್ನ ಟೈರಿಗೆ 559 ಇದೆ. ಕೆಲಸದ ವಿವರ ತಪ್ಪಿದಾಗ ಪೆಟ್ಟು ಬೀಳುವುದು ಮನುಷ್ಯನಿಗೇ.

ಪರದೆಯ ಹಿಂದೆ:
ಕಲೆ ಎಂದರೆ ಗಾಯವಾಗದ ಕೆಲಸ ಎಂಬ ಧ್ವನಿ ಇಲ್ಲಿದೆ. ನನ್ನ ಅನುಭವ ಬೇರೆ.

ಬ್ರೆಜಿಲ್‌ನ ರಂಗನಿರ್ದೇಶಕ ಆಗಸ್ಟೊ ಬೋಆಲ್ 1970ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ನಾವು ನಾಟಕ ಕಟ್ಟಿದೆವು. ಒಬ್ಬ ಮನುಷ್ಯ ಸೋಲುವ ಪ್ರಸಂಗವನ್ನು ಒಮ್ಮೆ ಪೂರ್ತಿ ಆಡುವುದು, ಮತ್ತೆ ಮೊದಲಿನಿಂದ ಆಡುವುದು. ಪ್ರೇಕ್ಷಕರಲ್ಲಿ ಯಾರಾದರೂ "ನಿಲ್ಲಿಸಿ" ಎಂದು ಎದ್ದು ಬಂದು ಆ ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ಪ್ರಯತ್ನಿಸಬಹುದು. ನಮ್ಮ ತಂಡದ ಒಬ್ಬರು ಜೈಲಿನಿಂದ ಬಂದ ಮೇಲೆ ಕೆಲಸ ಕೇಳಲು ಹೋದ ತಮ್ಮದೇ ಕಥೆ ಕೊಟ್ಟರು. ಒಪ್ಪಿಗೆ ಕೇಳಿದ್ದೆ, ಒಪ್ಪಿದ್ದರು. ಪ್ರದರ್ಶನದ ದಿನ ಮೂವರು ಪ್ರೇಕ್ಷಕರು ಒಬ್ಬರಾದ ಮೇಲೊಬ್ಬರು ಎದ್ದು ಬಂದು, ಮಾಲೀಕನೊಂದಿಗೆ ನಯವಾಗಿ ಮಾತಾಡಿ, ಐದು ನಿಮಿಷದಲ್ಲಿ ಕೆಲಸ ಗಿಟ್ಟಿಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಕಥೆ ಕೊಟ್ಟವರು 14 ಕಡೆ ತಿರುಗಿ ಬರಿಗೈಯಲ್ಲಿ ಬಂದಿದ್ದವರು. ಆ ರಾತ್ರಿ ನನಗೆ ಹೇಳಿದ್ದು ಒಂದೇ ಮಾತು: "ಹಾಗಾದರೆ ತಪ್ಪು ನನ್ನದೇ ಇತ್ತು ಎಂದಾಯಿತು." ವಿಧಾನದ ದೋಷವಲ್ಲ ಅದು. ಮಾಲೀಕನ ಪಾತ್ರ ಮಾಡಿದವನಿಗೆ ಬಗ್ಗದೆ ನಿಲ್ಲಲು ನಾನು ಕಲಿಸಿರಲಿಲ್ಲ. ಯಾರದೇ ಸ್ವಂತ ಕಥೆಯನ್ನು ಹೆಸರು, ಊರು, ವಿವರ ಬದಲಿಸದೆ, ಇಬ್ಬರು ಮೂವರ ಅನುಭವದೊಂದಿಗೆ ಬೆರೆಸದೆ ವೇದಿಕೆಗೆ ತರಬಾರದಿತ್ತು.

ಅವರು ಆಮೇಲೆ ಸೈಕಲ್ ಕೋಣೆಗೆ ಹೋದರು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅಲ್ಲಿ ಯಾರೂ ಅವರ ಕಥೆ ಕೇಳುತ್ತಿರಲಿಲ್ಲ. ಅದೇ ಅವರಿಗೆ ಬೇಕಿದ್ದದ್ದು.

ಗೋಡೆ ಬಣ್ಣ:
ನಾನು ಗಾಯವಾಗದ ಕೆಲಸ ಎಂದು ಎಲ್ಲಿಯೂ ಹೇಳಿಲ್ಲ. ಒಂದು ನಾಟಕ ಕೆಟ್ಟಿತು ಎಂದು ಮಾತೇ ಇಲ್ಲದ ಕೋಣೆಯನ್ನು ಹೊಗಳುವುದು ಬೇಡ. ಆ ಮೌನದಲ್ಲಿ ಎಷ್ಟು ಜನ ಮತ್ತೆ ಕುಡಿತಕ್ಕೆ ಇಳಿದದ್ದನ್ನು ಯಾರೂ ಗಮನಿಸಲಿಲ್ಲ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಎಡ ಪೆಡಲ್:
ನಾನು ಇಂಥ ಕೋಣೆಯೊಂದಕ್ಕೆ "ಬರುವವನು" ಆಗಿ ಬಂದವನು. ಈಗ ಅದೇ ಕೆಲಸದಲ್ಲಿ ಸಂಬಳ ಪಡೆಯುತ್ತೇನೆ. ನೀವೆಲ್ಲ ನಮ್ಮ ಬಗ್ಗೆ ಬರೆಯುತ್ತಿರುವುದರಿಂದ ನಾನೂ ಬರೆಯುತ್ತೇನೆ.

ನಾಲ್ಕನೇ ದಿನ ಒಂದು ಅಲ್ಯೂಮಿನಿಯಂ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಳು ಮಾಡಿದೆ. ಎಡಗಡೆಯ ಪೆಡಲಿನ ತಿರುಪಿನ ಥ್ರೆಡ್ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದರು. ಬಲಗಡೆಯ ಪೆಡಲನ್ನು ಎಡಕ್ಕೆ ಹಚ್ಚಿ, ಹೋಗದಿದ್ದಾಗ ಉದ್ದನೆಯ ಪಾನಾ ಹಾಕಿ ಮೈಭಾರ ಬಿಟ್ಟು ತಿರುಗಿಸಿದೆ. ಒಳಗಿನ ಥ್ರೆಡ್ ಪುಡಿಪುಡಿಯಾಗಿ ಉದುರಿತು. ನನ್ನ ಜೀವನದಲ್ಲಿ ಅದಕ್ಕಿಂತ ಸಣ್ಣ ತಪ್ಪುಗಳಿಗೆ ನಾನು ಪೆಟ್ಟು ತಿಂದಿದ್ದೆ. ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹಿಡಿದು ನೋಡಿ, ಎರಡೂ ಪೆಡಲಿನ ತುದಿಯಲ್ಲಿ ಕೆತ್ತಿದ್ದ ಎಲ್ ಮತ್ತು ಆರ್ ಅಕ್ಷರ ತೋರಿಸಿ, ಇನ್ನೊಂದು ಕ್ರ್ಯಾಂಕ್ ತಂದು ಕೊಟ್ಟರು. ನಾನು ಉಳಿದದ್ದು ಆ ದಿನದಿಂದ.

ಬಿಟ್ಟುಹೋಗಬೇಕೆನಿಸಿದ್ದು ಬೇರೆ ಕಾರಣಕ್ಕೆ. ಆ ಸಂಸ್ಥೆ ತನ್ನ ವರ್ಷದ ವರದಿಯಲ್ಲಿ ನನ್ನ ಫೋಟೋ ಹಾಕಿತು. ಕೈಯಲ್ಲಿ ಚಕ್ರ, ಕೆಳಗೆ "ಜೈಲಿನಿಂದ ಹೊಸ ಬದುಕಿಗೆ" ಎಂಬ ಸಾಲು. ಬಾಡಿಗೆ ಮನೆಯ ಮಾಲೀಕರು ಅದನ್ನು ನೋಡಿದರು. ಒಂದು ತಿಂಗಳ ಗಡುವು ಕೊಟ್ಟರು. ಸಾಮಾನು ಸಾಗಿಸಲು ಎರಡು ದಿನದ ಕೂಲಿ ಹೋಯಿತು, ಮುಂಗಡದಲ್ಲಿ ಅರ್ಧ ಹಿಡಿದುಕೊಂಡರು, ಮಗಳ ಶಾಲೆ ದೂರವಾಯಿತು. ಫೋಟೋ ತೆಗೆಯುವಾಗ ಸಹಿ ಮಾಡಿದ್ದೆ, ನಿಜ. ಎದುರಿಗೆ ಇದ್ದವರು ನನಗೆ ಸೈಕಲ್ ಕೊಡುವವರು. ಬೇಡ ಎನ್ನುವುದು ಹೇಗೆ? ಹೊಸ ಬಾಗಿಲು ಅವರೇ, ಯಾವ ಕೋಣೆಯನ್ನು ಬೇಕಾದರೂ ಮೊದಲು ತೆರೆಯಿರಿ, ಕ್ಯಾಮೆರಾ ಒಳಗೆ ಬಿಡಬೇಡಿ.

ಬ್ರೇಕ್ ರಬ್ಬರ್:
ಫೋಟೋ ಬೇಡ ಎನ್ನುವುದು ಸುಲಭ. ಹಣ ಕೊಡುವವರು ಕೇಳುತ್ತಾರೆ, ಬಾಡಿಗೆ ಕಟ್ಟಬೇಕು. ನಮ್ಮಲ್ಲಿ ಕೈಗಳ ಚಿತ್ರ ಮಾತ್ರ ತೆಗೆಯುತ್ತೇವೆ, ಹೆಸರಿಲ್ಲ. ಆದರೆ ನಾನು ಬರೆಯಲು ಬಂದದ್ದು ಇನ್ನೊಂದು ವಿಷಯ, ಅದನ್ನು ಇಲ್ಲಿ ಯಾರೂ ಮುಟ್ಟಿಲ್ಲ. ನಿಮ್ಮ ಕೋಣೆಯಿಂದ ಹೊರಟ ಸೈಕಲ್ ಮೇಲೆ ಒಬ್ಬ ಮನುಷ್ಯ ಕೂರುತ್ತಾನೆ.

ನಾವು ರಿಪೇರಿ ಮಾಡಿದ ಸೈಕಲ್‌ಗಳನ್ನು ಉಚಿತವಾಗಿ ಹಂಚುತ್ತಿದ್ದೆವು. ರಾತ್ರಿ ಪಾಳಿಯಲ್ಲಿ ಕಚೇರಿ ಗುಡಿಸುವ ಹೆಂಗಸೊಬ್ಬರಿಗೆ ಒಂದು ಕೊಟ್ಟೆವು. ಮುಂದಿನ ಬ್ರೇಕಿನ ಕೇಬಲ್ ಹಿಡಿಯುವ ನಟ್ಟು ಪೂರ್ತಿ ಬಿಗಿಯಾಗಿರಲಿಲ್ಲ. ಇಳಿಜಾರಿನಲ್ಲಿ ಲಿವರ್ ಎಳೆದಾಗ ಕೇಬಲ್ ಜಾರಿತು. ಮಣಿಕಟ್ಟು ಮುರಿಯಿತು, 6 ವಾರ ಪ್ಲಾಸ್ಟರ್, ಕೆಲಸ ಇನ್ನೊಬ್ಬರ ಪಾಲಾಯಿತು. ಬಿಗಿಸಿದ ಹುಡುಗನಿಗೆ 16 ವರ್ಷ. ಅವನಿಗೆ ಹೇಳಬೇಕೇ ಬೇಡವೇ ಎಂದು ನಾವು ಮೂರು ರಾತ್ರಿ ಜಗಳವಾಡಿದೆವು. ಹೇಳಿದೆವು. ಅವನೇ ಆಸ್ಪತ್ರೆಗೆ ಹೋಗಿ ಆಕೆಯನ್ನು ಕಂಡು ಬಂದ.

ಈಗ ಇಬ್ಬರ ಸಹಿ ಇಲ್ಲದೆ ಒಂದು ಸೈಕಲ್ಲೂ ಹೊರಗೆ ಹೋಗುವುದಿಲ್ಲ. ಮಾಡಿದವರು ಒಬ್ಬರು, ನೋಡಿದವರು ಇನ್ನೊಬ್ಬರು. ಲಿವರನ್ನು ಪೂರ್ಣ ಬಲದಿಂದ ಹತ್ತು ಸಲ ಎಳೆಯಬೇಕು. ಹಿಂದಿನ ಚಕ್ರದ ನಡುವಿನ ಹಬ್‌ನ ಪ್ರತಿ ಬದಿಯಲ್ಲಿ ಕಾಲು ಇಂಚಿನ 9 ಗುಂಡುಗಳಿವೆಯೇ ಎಂದು, ಅವನ್ನು ಒತ್ತಿ ಹಿಡಿಯುವ ಕೋನ್ ಬಿಗಿಸುವ ಮೊದಲು ಎಣಿಸಬೇಕು. ಚೈನಿನ 12 ಪೂರ್ಣ ಜೋಡಿಯನ್ನು ಸ್ಕೇಲಿನಿಂದ ಅಳೆಯಬೇಕು. ಹೊಸದು ಸರಿಯಾಗಿ 12 ಇಂಚು ಇರುತ್ತದೆ. ಅದರ ಮೇಲೆ 1/16 ಇಂಚು ಬೆಳೆದಿದ್ದರೆ ಚೈನ್ ಬದಲಿಸಬೇಕು, 1/8 ಆಗಿದ್ದರೆ ಹಿಂದಿನ ಹಲ್ಲುಚಕ್ರ, ಅಂದರೆ ಫ್ರೀವೀಲೂ ಹೋಗಿರುತ್ತದೆ. ಇಷ್ಟಕ್ಕೆ ಪ್ರತಿ ಸೈಕಲಿಗೆ 50 ನಿಮಿಷ ಹೆಚ್ಚು ಹಿಡಿಯುತ್ತದೆ. ಕೊಡುವ ಸಂಖ್ಯೆ ಅರ್ಧಕ್ಕೆ ಇಳಿಯಿತು. ಇಳಿಯಲಿ. ಮತ್ತು ಉಚಿತ ಎಂಬುದನ್ನು ನಿಲ್ಲಿಸಿ ಬಿಡಿಭಾಗಗಳ ಬೆಲೆಯಷ್ಟು ಪಡೆಯುತ್ತೇವೆ. ಉಚಿತವಾಗಿದ್ದಾಗ ನಮ್ಮ ಕಣ್ಣೇ ಸಡಿಲವಾಗಿತ್ತು.

ಎಡ ಪೆಡಲ್:
ಕಣ್ಣು ಸಡಿಲವಾದದ್ದು ನಿಮ್ಮದು, ಬೆಲೆ ಕೊಡಬೇಕಾದವರು ಅವರೇ? ಬೆಲೆ ಪಡೆಯಬೇಡಿ, ದುಡಿಮೆ ಪಡೆಯಿರಿ. ಹನ್ನೆರಡು ಗಂಟೆ ಕೆಲಸ ಕಲಿತು ತನ್ನ ಸೈಕಲನ್ನು ತಾನೇ ಕಟ್ಟಿಕೊಂಡವನು ಬ್ರೇಕ್ ನಟ್ಟನ್ನು ಸಡಿಲ ಬಿಡುವುದಿಲ್ಲ, ಅದರ ಮೇಲೆ ಕೂರುವವನು ಅವನೇ.

ಬ್ರೇಕ್ ರಬ್ಬರ್:
ರಾತ್ರಿಯಿಡೀ ಗುಡಿಸಿ ಬಂದವರಿಂದ ಹನ್ನೆರಡು ಗಂಟೆ ಕೇಳುತ್ತೀರಾ? ಮನೆಯಲ್ಲಿ ಚಿಕ್ಕ ಮಕ್ಕಳಿರುವ ಹೆಂಗಸರ ಬಳಿ ಆ ಹನ್ನೆರಡು ಗಂಟೆ ಇರುವುದಿಲ್ಲ. ನಿಮ್ಮ ಕೋಣೆಯಲ್ಲಿ ಹೆಂಗಸರು ಎಷ್ಟು ಜನ ಎಂದು ಎಣಿಸಿ ನೋಡಿ.

ಎಡ ಪೆಡಲ್:
ಇಬ್ಬರು. ಈ ಮಾತು ಒಪ್ಪುತ್ತೇನೆ. ದುಡ್ಡಿನ ಮಾತು ಒಪ್ಪುವುದಿಲ್ಲ.

ಹಳೆಯ ಚೈನ್:
ಚೈನಿನ ವಿಷಯ ಬಂದದ್ದರಿಂದ ಹೇಳುತ್ತೇನೆ, ಬದಲಿಸುವ ಮೊದಲು ಬಿಚ್ಚಿ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ. ನಾನು 25 ವರ್ಷದಿಂದ ಹೀಗೆಯೇ ಮಾಡುತ್ತಿದ್ದೇನೆ. ಅರ್ಧಕ್ಕರ್ಧ ಚೈನ್ ಉಳಿಯುತ್ತವೆ.

ಬ್ರೇಕ್ ರಬ್ಬರ್:
ಸವೆದ ಪಿನ್ ಸೀಮೆಎಣ್ಣೆಯಿಂದ ತುಂಬಿಕೊಳ್ಳುವುದಿಲ್ಲ. ಕೊಳೆ ಹೋಗುತ್ತದೆ, ಉದ್ದ ಹಾಗೆಯೇ ಇರುತ್ತದೆ. ತೊಳೆದ ಮೇಲೆ ಅಳೆದು ನೋಡಿದ್ದೀರಾ?

ಪರದೆಯ ಹಿಂದೆ:
ದಯವಿಟ್ಟು ಸೀಮೆಎಣ್ಣೆಯನ್ನು ಒಳಗೆ ಇಡಬೇಡಿ. ನಮ್ಮ ಎರಡು ಕೋಣೆಗಳ ನಡುವೆ ಒಂದೇ ಬಾಗಿಲು ಇತ್ತು. ಆ ಕಡೆ ತಟ್ಟೆಗಳಲ್ಲಿ ಚೈನ್ ನೆನೆಸಿಡುತ್ತಿದ್ದರು, ಈ ಕಡೆ 18 ಜನ ಉಸಿರು ಎಳೆದು ಹಾಡುತ್ತಿದ್ದೆವು. ಇಬ್ಬರಿಗೆ ಅಸ್ತಮಾ. ಒಬ್ಬರನ್ನು ಅಭ್ಯಾಸದ ನಡುವೆಯೇ ಎತ್ತಿಕೊಂಡು ಹೊರಗೆ ಓಡಬೇಕಾಯಿತು. ಮೂರು ಸಲ ಹೇಳಿದ್ದೆ. "ಬಾಗಿಲು ಹಾಕಿಕೊಳ್ಳಿ" ಎಂಬುದೇ ಉತ್ತರವಾಗಿತ್ತು.

ಹಳೆಯ ಚೈನ್:
ನಾನು ನೆನೆಸುವುದು ಅಂಗಳದಲ್ಲಿ, ಮುಚ್ಚಳ ಇರುವ ಡಬ್ಬದಲ್ಲಿ. ಯಾರೋ ಮಾಡಿದ ತಪ್ಪನ್ನು ನನ್ನ ತಲೆಗೆ ಕಟ್ಟಬೇಡಿ.

ಹೊಸ ಬಾಗಿಲು:
ಎಲ್ಲರಿಗೂ ವಂದನೆಗಳು. ನಮ್ಮ ಕೋಣೆಗಳ ನಡುವೆಯೂ ಒಂದೇ ಬಾಗಿಲು ಇದೆ, ನಾಳೆಯೇ ಅದನ್ನು ಮುಚ್ಚುವ ಬಗ್ಗೆ ಮಾತಾಡುತ್ತೇನೆ. ಮೆಕ್ಯಾನಿಕ್ ಒಬ್ಬರು ಸಾಕೇ ಎಂಬುದಕ್ಕೆ ಯಾರಾದರೂ ಹೇಳಬಹುದೇ?

ಎಡ ಪೆಡಲ್:
ಸಾಲದು. ಒಬ್ಬರೇ ಇದ್ದರೆ ಪಾನಾ ಅವರ ಕೈಯಲ್ಲೇ ಉಳಿಯುತ್ತದೆ, ಬಂದವರು ಸುತ್ತ ನಿಂತು ನೋಡುತ್ತಾರೆ. ಇಬ್ಬರಿರಲಿ, ಎರಡನೆಯವರು ಬಂದವರಲ್ಲೇ ಒಬ್ಬರಾಗಿರಲಿ. ಮೊದಲ ತಿಂಗಳಿನಿಂದಲೇ ಸಂಬಳ ಕೊಡಿ.

ಗೋಡೆ ಬಣ್ಣ:
ಬಣ್ಣದ ಕೋಣೆಗೂ ಇಬ್ಬರು ಎಂದು ಈಗಲೇ ಬರೆದಿಡಿ. ಆಮೇಲೆ ಹಣ ಸಿಗುವುದಿಲ್ಲ.

ಪಂಕ್ಚರ್ ಪೆಟ್ಟಿಗೆ:
590ರ ಟೈರುಗಳಲ್ಲಿ 17 ಇನ್ನೂ ನನ್ನ ಬಳಿ ಇವೆ, ಬಿಚ್ಚದ ಹೊಸವು. ಹೊಸ ಬಾಗಿಲು ಅವರಿಗೆ ಬೇಕಿದ್ದರೆ ಕಳುಹಿಸುತ್ತೇನೆ, ಬೆಲೆ ಬೇಡ. ಹೌದು ಎನ್ನುವ ಮೊದಲು ನಿಮ್ಮ ಸೈಕಲ್‌ಗಳ ಹಳೆಯ ಟೈರಿನ ಬದಿಯನ್ನು ಒರೆಸಿ ಸಂಖ್ಯೆ ಓದಿ ಬರೆಯಿರಿ. 26 ಎಂದು ಮಾತ್ರ ಬರೆದರೆ ಕಳುಹಿಸುವುದಿಲ್ಲ.