ಎಂ2 ಪಂಚ್‌ನೊಳಗಿನ ಬಿಳಿ ಕಣಗಳು ಗಂಧಕವೇ, ಕಾರ್ಬೈಡೇ?

ಪಂಚ್‌ಡೈ ಕೇಳಿದ್ದು:
ಎಂ2 ಹೈಸ್ಪೀಡ್ ಉಕ್ಕಿನ (ಉಪಕರಣಗಳಿಗೆ ಬಳಸುವ ಗಟ್ಟಿ ಉಕ್ಕು) ನಮ್ಮ ಪಂಚ್ (ಲೋಹದಲ್ಲಿ ತೂತು ಹೊಡೆಯುವ ಉಪಕರಣ) ಒಂದು ಉದ್ದಕ್ಕೆ ಸೀಳಿತು. ತುಂಡನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆವು. ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹಿಂಚದುರಿದ ಎಲೆಕ್ಟ್ರಾನ್ ಚಿತ್ರದಲ್ಲಿ, ಬೂದು ಹಿನ್ನೆಲೆಯ ಮೇಲೆ ಹೊಳೆಯುವ ಬಿಳಿ ಕಣಗಳು ಸಾಲುಗಟ್ಟಿವೆ. 10 ಕಿಲೋವೋಲ್ಟ್‌ನಲ್ಲಿ ಮಾಡಿದ ಈಡಿಎಸ್ (ಹೊಮ್ಮುವ ಎಕ್ಸ್ ಕಿರಣಗಳಿಂದ ಧಾತುಗಳನ್ನು ಗುರುತಿಸುವ ವಿಶ್ಲೇಷಣೆ) ಅವುಗಳಲ್ಲಿ ಗಂಧಕ, ಸಿಲಿಕಾನ್ ಇವೆ ಎನ್ನುತ್ತದೆ. ‘ಸಲ್ಫೈಡ್, ಸಿಲಿಕೇಟ್ ಕಲ್ಮಶ, ಉಕ್ಕು ಕಳಪೆ’ ಎಂದು ವರದಿ. ಉಕ್ಕು ಪೂರೈಸಿದವರು ಒಪ್ಪುತ್ತಿಲ್ಲ. ಯಾರನ್ನು ನಂಬಲಿ?

ಲೋಹದರ್ಶಿ ಉತ್ತರ:
ಚಿತ್ರವನ್ನು ನಂಬಿ. ಈ ಬಗೆಯ ಚಿತ್ರದಲ್ಲಿ ಭಾರದ ಪರಮಾಣುಗಳಿರುವ ಜಾಗ ಬೆಳ್ಳಗೆ, ಹಗುರದ್ದು ಕಪ್ಪಗೆ ಕಾಣುತ್ತದೆ. ಕಬ್ಬಿಣದ ಪರಮಾಣು ಸಂಖ್ಯೆ 26. ಮ್ಯಾಂಗನೀಸ್ 25, ಗಂಧಕ 16. ಹಾಗಾಗಿ ಮ್ಯಾಂಗನೀಸ್ ಸಲ್ಫೈಡ್ ಉಕ್ಕಿಗಿಂತ ಕಪ್ಪಾಗಿಯೇ ಇರಬೇಕು, ಸಿಲಿಕೇಟ್ ಇನ್ನೂ ಕಪ್ಪು. ಹೊಳೆಯುತ್ತಿದೆ ಎಂದರೆ ಅಲ್ಲಿ ಟಂಗ್‌ಸ್ಟನ್ (74), ಮಾಲಿಬ್ಡಿನಂ (42) ಇವೆ. ಎಂ2ನಲ್ಲಿ ಸುಮಾರು ಶೇ. 6 ಟಂಗ್‌ಸ್ಟನ್, ಶೇ. 5 ಮಾಲಿಬ್ಡಿನಂ ಇರುತ್ತವೆ. ನೀವು ನೋಡುತ್ತಿರುವುದು ಎಂ6ಸಿ ಕಾರ್ಬೈಡ್ (ಲೋಹ, ಇಂಗಾಲ ಸೇರಿದ ಗಟ್ಟಿ ಸಂಯುಕ್ತ; ಎಂ ಎಂದರೆ ಲೋಹ, ಸಿ ಎಂದರೆ ಇಂಗಾಲ), ಈ ಉಕ್ಕಿಗೆ ಸವೆತ ತಡೆಯುವ ಶಕ್ತಿ ಕೊಡುವ ಅಂಗಗಳಲ್ಲಿ ಒಂದು. ಪಕ್ಕದಲ್ಲೇ ಕಡುಬೂದು ಕಣಗಳಿದ್ದರೆ ಅವು ವನೇಡಿಯಂ ಹೆಚ್ಚಿರುವ ಎಂಸಿ ಕಾರ್ಬೈಡ್ ಆಗಿರುವ ಸಂಭವವೇ ಹೆಚ್ಚು.

ಗಂಧಕ ಎಲ್ಲಿಂದ ಬಂತು? ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್ ಕಿರಣಗಳನ್ನು ಹೊಮ್ಮಿಸುತ್ತದೆ, ಅವನ್ನೇ ಕೆ, ಎಲ್, ಎಂ ರೇಖೆಗಳು ಎನ್ನುತ್ತಾರೆ. ಮಾಲಿಬ್ಡಿನಂನ ಎಲ್ ರೇಖೆ 2.29 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ, ಗಂಧಕದ ಕೆ ರೇಖೆ 2.31ರಲ್ಲಿ. ಟಂಗ್‌ಸ್ಟನ್‌ನ ಎಂ ರೇಖೆ 1.77, ಸಿಲಿಕಾನ್‌ನದು 1.74. ಈಡಿಎಸ್ ಕಣ್ಣಿಗೆ ಈ ಎರಡೂ ಜೋಡಿಗಳು ಒಂದೊಂದೇ ಶಿಖರ. ತಂತ್ರಾಂಶ ತನಗೆ ತೋಚಿದ ಹೆಸರನ್ನು ಅಂಟಿಸಿದೆ, ವರದಿ ಬರೆದವರು ಅದನ್ನು ಪರೀಕ್ಷಿಸದೆ ಸಹಿ ಹಾಕಿದ್ದಾರೆ. ಒಂದು ಕಾರ್ಖಾನೆಯ ಹೆಸರು ಕೆಡಿಸುವ ಮಾತನ್ನು ಹೀಗೆ ಬರೆಯಬಾರದು.

20 ಕಿಲೋವೋಲ್ಟ್‌ನಲ್ಲಿ ಮತ್ತೆ ಮಾಡಿಸಿ. ಟಂಗ್‌ಸ್ಟನ್‌ನ ಎಲ್ ರೇಖೆ 8.4ರಲ್ಲಿ ಸ್ಪಷ್ಟವಾಗಿ ಏಳುತ್ತದೆ. ರೇಖೆ 8.4ರಲ್ಲಿದ್ದರೂ ಅದನ್ನು ಎಬ್ಬಿಸಲು ಸುಮಾರು 10.2 ಬೇಕು, 10ರಲ್ಲಿ ಅಷ್ಟು ಶಕ್ತಿಯೇ ಇರಲಿಲ್ಲ. ಮಾಲಿಬ್ಡಿನಂನ ಕೆ ರೇಖೆ (17.5) ಬೇಕಿದ್ದರೆ 30ಕ್ಕೆ ಏರಿಸಬೇಕು.

ಉಕ್ಕುನೋಟ ಉತ್ತರ:
ಒಪ್ಪುತ್ತೇನೆ. ಆದರೆ ಕಲ್ಮಶ ಇಲ್ಲವೇ ಇಲ್ಲ ಎಂದೂ ಹೇಳಲಾಗದು. ಅದೇ ಚಿತ್ರದಲ್ಲಿ ಉದ್ದನೆಯ ಕಪ್ಪು ಎಳೆಗಳಿವೆಯೇ ನೋಡಿ, ಅಳೆಯಬೇಕಾದ್ದು ಅವುಗಳನ್ನು. ಕೊನೆಯ ಪಾಲಿಶ್‌ಗೆ ಕೊಲಾಯ್ಡಲ್ ಸಿಲಿಕಾ (ಸಿಲಿಕಾದ ಅತಿ ಸಣ್ಣ ಕಣಗಳಿರುವ ದ್ರವ) ಬಳಸಿದ್ದರೆ ಅದರ ಉಳಿಕೆಯೂ ಸಿಲಿಕಾನ್ ತೋರಿಸಬಹುದು.

ಪಂಚ್‌ಡೈ:
ಕಪ್ಪು ಎಳೆಗಳು ಕಾಣುತ್ತಿಲ್ಲ. ಬಿರುಕು ಮಾತ್ರ ಬಿಳಿ ಸಾಲಿನ ಗುಂಟವೇ ಓಡಿದೆ.

ಲೋಹದರ್ಶಿ:
ಹಾಗಿದ್ದರೆ ಆ ಸಾಲುಗಳ ಮೇಲೇ ಗಮನವಿಡಿ. ಉಕ್ಕು ಅಚ್ಚಿನಲ್ಲಿ ಗಟ್ಟಿಯಾಗುವಾಗ ಕಾರ್ಬೈಡ್ ಬಲೆಯಂತೆ ಹೆಣೆದುಕೊಳ್ಳುತ್ತದೆ. ಕಾಯಿಸಿ ಬಡಿದಾಗ, ಉರುಳಿಸಿದಾಗ ಆ ಬಲೆ ಒಡೆದು ಸಾಲಾಗುತ್ತದೆ. ದಪ್ಪ ಸರಳಿನಲ್ಲಿ ಈ ಒಡೆತ ಸಾಲದೆ ಪಟ್ಟಿಗಳು ಒರಟಾಗಿ ಉಳಿಯುತ್ತವೆ. ಸರಳಿನ ವ್ಯಾಸ ಎಷ್ಟಿತ್ತು, ಪಂಚ್ ಅನ್ನು ಅದರ ನಡುವಿನಿಂದ ತೆಗೆದದ್ದೇ ತಿಳಿಸಿ. ಜೊತೆಗೆ ನೈಟಾಲ್ (ಆಲ್ಕೋಹಾಲ್ ಬೆರೆಸಿದ ನೈಟ್ರಿಕ್ ಆಮ್ಲ) ಸವರಿ ಹಳೆಯ ಆಸ್ಟನೈಟ್ ಹರಳಿನ (ಹದ ಮಾಡಲು ಕಾಯಿಸಿದಾಗ ಉಕ್ಕಿನಲ್ಲಿದ್ದ ಹರಳು) ಗಾತ್ರವನ್ನೂ ನೋಡಿಸಿ. ಹರಳು ದಪ್ಪಗಿದ್ದರೆ ಹದ ಮಾಡುವಾಗ ಕಾವು ಮೀರಿದೆ. ಆಗ ಪ್ರಶ್ನೆ ಕೇಳಬೇಕಾದ್ದು ಉಕ್ಕು ಕೊಟ್ಟವರನ್ನಲ್ಲ, ಹದ ಮಾಡಿದವರನ್ನು.