ಥರ್ಸ್ಟನ್‌ನ 2222 ಪಾಯಿಂಟ್: ಕೈಯಿಂದ ಎಷ್ಟು, ಕಾಲಿಂದ ಎಷ್ಟು?

ಸಪ್ತಾಪುರ:
ಧಾರವಾಡದಾಗ ಕಾಲೇಜು ಹುಡುಗ್ರದ್ದು ಸೆವೆನ್ಸ್ (ಏಳೇಳು ಮಂದಿ ಆಡೂ) ರಗ್ಬಿ ಟೀಮ್ ಕಟ್ಟೋದದ, ಎಲ್ಲಾರೂ ಕಬಡ್ಡಿಯವರು. ರಗ್ಬಿಯ ಇನ್ನೊಂದು ನಮೂನಿ ರಗ್ಬಿ ಲೀಗ್, ಅದರಾಗ ಆಡಿದ ಆಸ್ಟ್ರೇಲಿಯಾದ ಜೊನಾಥನ್ ಥರ್ಸ್ಟನ್ ಕಿಕ್ ವಿಡಿಯೋ ತೋರಸ್ಬೇಕಂತ ಮಾಡೀನಿ. ಅವನ 2222 ಪಾಯಿಂಟ್‌ನಾಗ ಟ್ರೈ (ಗೋಲಿನ ಗೆರೀ ದಾಟಿ ಚೆಂಡು ನೆಲಕ್ಕ ಊರೂದು) ಎಷ್ಟ್ರಿ, ಕಿಕ್ ಎಷ್ಟು? 2015ರ ಫೈನಲ್‌ದಾಗ ಕಡೀ ಕಿಕ್ ಕಂಬಕ್ಕ ಬಡೀತಲ್ಲ, ಅದು ಅಷ್ಟು ಕಷ್ಟದ್ದೇನು?

ಬೆಟಗೇರಿ:
90 ಟ್ರೈ, ತಲಾ 4, ಅಂದ್ರ 360. ಚೆಂಡು ನೆಲಕ್ಕ ಇಟ್ಟು ಕಂಬದ ನಡುವ ಹೊಡದ ಗೋಲು 923, ತಲಾ 2, ಅಂದ್ರ 1846. ಡ್ರಾಪ್ ಗೋಲು (ಕೈಯಿಂದ ಚೆಂಡು ಬಿಟ್ಟು, ನೆಲಕ್ಕ ತಾಗಿ ಏಳೂವಾಗ ಹೊಡಿಯೂದು) 16, ಒಂದಕ್ಕ ಒಂದ ಪಾಯಿಂಟ್. ಕೂಡಿಸ್ರಿ, 2222. ಮೊದಲ ಬುಲ್‌ಡಾಗ್ಸ್ ಟೀಮಿಗೆ 29 ಪಂದ್ಯ, 2005ರಿಂದ 2018ರ ತನಕ ಕೌಬಾಯ್ಸ್ ಟೀಮಿಗೆ 294. ಲೀಗ್‌ನ ವರ್ಷದ ಉತ್ತಮ ಆಟಗಾರಗ ಕೊಡೂ ಡ್ಯಾಲಿ ಎಂ ಪದಕ ನಾಕು ಸಲ. ಆದ್ರ ಬರೇ ಪಾಯಿಂಟ್ ನೋಡಿದ್ರ ಅವನ ಆಟ ಅರ್ಧ ಸೈತ ತಿಳಿಯೂದಿಲ್ಲ. ಹಾಫ್ (ಆಟ ನಡೆಸೂ ಆಟಗಾರ) ಆದವ ಆರು ಟ್ಯಾಕಲ್, ಅಂದ್ರ ಎದುರಿನವ್ರು ಆರು ಸಲ ಹಿಡದು ಕೆಡವೂದು, ಮುಗಿಯೂದ್ರೊಳಗ ಚೆಂಡು ಎಲ್ಲಿಗೆ ಒಯ್ಯಬೇಕಂತ ಲೆಕ್ಕ ಹಾಕ್ತಾನ. ಅದು ಯಾವ ಪಟ್ಟಿಯೊಳಗೂ ಬರೂದಿಲ್ಲ.

ಎರೆಭೂಮಿ:
ಕಿಕ್ ವಿಷಯ ಹೇಳ್ತೀನಿ. ಟ್ರೈ ಎಲ್ಲಿ ಊರಿದ್ರೋ ಅದರ ನೇರಕ್ಕ ಹಿಂದ ಬಂದು ಕನ್ವರ್ಷನ್ (ಟ್ರೈ ಆದ ಮ್ಯಾಲಿನ ಕಿಕ್) ಹೊಡೀಬೇಕು. ಆ ಫೈನಲ್‌ದಾಗ ಕೌಬಾಯ್ಸ್‌ನ ಫೆಲ್ಟ್ ಊರಿದ್ದು ಬಲಗಡೆ ಮೂಲ್ಯಾಗ. ಮೈದಾನ 68 ಮೀಟರ್ ಅಗಲ, ಕಂಬದ ನಡುವ 5.5 ಮೀಟರ್. ಅಂಚಿನ ಗೆರೀ ಮ್ಯಾಲಿಂದ 10 ಮೀಟರ್ ಹಿಂದ ನಿಂತ್ರ ಕಾಣೋ ಸಂದು ಎರಡೂವರೆ ಡಿಗ್ರಿ ಅಷ್ಟ. 20ಕ್ಕ ಹೋದ್ರ 4 ಡಿಗ್ರಿ, 30ಕ್ಕ 4.6. ಅಲ್ಲಿಂದ ಇನ್ನೂ ಹಿಂದ ಸರದ್ರ ಹೆಚ್ಚೇನೂ ಸಿಗೂದಿಲ್ಲ, ದೂರ ಮಾತ್ರ ಬೆಳೀತದ: 20ರಿಂದ ಗೋಲಿಗೆ ಸುಮಾರು 39 ಮೀಟರ್, 30ರಿಂದ 45. ಕಾಲಾಗ ಬಲ ಕಡಿಮಿ ಇದ್ದ ಹುಡುಗ್ರಿಗೆ 20 ಸಾಕು. ಅದರಾಗೂ ಬಲಗಾಲಿನವರ ಚೆಂಡು ಎಡಕ್ಕ ತಿರಗ್ತದ, ಬಲ ಅಂಚು ಅವರಿಗೆ ತ್ರಾಸಿನ ಜಾಗ.

ಆ ಹೊತ್ತಿಗೆ 16–16, ಟೈಮ್ ಮುಗದಿತ್ತು. ಗೋಲ್ಡನ್ ಪಾಯಿಂಟ್‌ದಾಗ (ಮೊದಲ ಪಾಯಿಂಟ್ ಮಾಡಿದವ್ರು ಗೆಲ್ಲೂ ಹೆಚ್ಚಿನ ಆಟ) ಎದುರಾಳಿ ಬ್ರಾಂಕೋಸ್‌ನ ಹಂಟ್ ಶುರುವಿನ ಕಿಕ್ಕ ಹಿಡೀಲಿಕ್ಕೆ ಹೋಗಿ ಕೈಬಿಟ್ಟ, ಥರ್ಸ್ಟನ್ ಡ್ರಾಪ್ ಗೋಲು ಹೊಡದ, 17–16. 2017ರ ಎರಡನೇ ಒರಿಜಿನ್ ಪಂದ್ಯಾನೂ (ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನದು) ತೋರಸ್ರಿ. ಭುಜ ಕೆಟ್ಟಿತ್ತು, ಆದ್ರೂ ಅಂಚಿನಿಂದ ಹೊಡದು 18–16 ಮಾಡಿದ.

ಬೆಟಗೇರಿ:
ಸೆವೆನ್ಸ್‌ದಾಗ ಟೀ (ಚೆಂಡು ನಿಲ್ಲಸೂ ಸಣ್ಣ ಸ್ಟ್ಯಾಂಡ್) ಇಡಂಗಿಲ್ರಿ! ಕನ್ವರ್ಷನ್ನೂ ಡ್ರಾಪ್ ಕಿಕ್ಕೇ, ಅದೂ 30 ಸೆಕೆಂಡಿನೊಳಗ. ಹಂಗಾಗಿ ಟೀ ಕಿಕ್ ಬಿಟ್ಟು ಆ 16 ಡ್ರಾಪ್ ಗೋಲು ಹುಡುಕಿ ತೋರಸ್ರಿ. ಚೆಂಡು ನೆಟ್ಟಗ ಬಿಡಬೇಕು, ಚೂಪು ತುದಿ ನೆಲಕ್ಕ ತಾಗಿ ಏಳೂ ಹೊತ್ತಿಗೇ ಕಾಲು ಬೀಳಬೇಕು. ಎತ್ತರದಿಂದ ಬಿಟ್ರ ಓರೆ ಆಗ್ತದ, ಮೊಣಕಾಲಿನ ಮಟ್ಟಕ್ಕ ತಂದು ಬಿಡ್ರಿ. ಮಳೀ ಬಿದ್ದ ಎರೀ ನೆಲದಾಗ ಚೆಂಡು ಪುಟಿಯೂದೇ ಇಲ್ಲ, ಊರಿದ ಕಾಲೂ ಜಾರ್ತದ. ಬ್ಯಾಸಿಗ್ಯಾಗ ಬಿರುಕಿಗೆ ಬಿದ್ದು ಎತ್ತಲಾಗೋ ಹೋಗ್ತದ. ಕಲಿಸೂ ಮುಂದ ಮೊದಲ ಹತ್ತಿಪ್ಪತ್ತು ದಿನ ಕೆಂಪು ಮಣ್ಣಿನ ಗಟ್ಟಿ ಜಾಗಾನ ನೋಡ್ರಿ.